ಒಂಬತ್ತು ದಿನದಿಂದ ಬೃಂದಾ ಮಾತಾಡಿಲ್ಲ

ಹೊಸ ತಿಪ್ಪಸಂದ್ರ
11 ಆಗಸ್ಟ್ 1998

ಅಮ್ಮನಿಗೆ, ನಿನ್ನ ಸುಕನ್ಯ ಮಾಡುವ ನಮಸ್ಕಾರ.

ಫೋನಿನ ಪಕ್ಕದಲ್ಲೇ ಅತ್ತೆ ಕೂತಿರುತ್ತಾರೆ. ಅದಕ್ಕೇ ಮೈದುನ ಆನಂದ ಕೆ.ಆರ್. ಪುರಕ್ಕೆ ಬರುವಾಗ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ನನಗೆ ತುಂಬಾ ಹೆದರಿಕೆಯಾಗಿದೆ ಅಮ್ಮ. ನಮ್ಮ ಬೃಂದಾ ಒಂಬತ್ತು ದಿನದಿಂದ ಒಂದೇ ಒಂದು ಮಾತೂ ಆಡಿಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಾಳೆ. ಮೊನ್ನೆ ಬಿದ್ದು ಮೊಣಕಾಲು ತರಚಿಕೊಂಡಾಗಲೂ ತುಟಿ ಬಿಗಿಹಿಡಿದುಕೊಂಡೇ ಅತ್ತಳು.

ಮೂರು ವರ್ಷದವಳಿದ್ದಾಗ ಕಾಗೆಗೆ ‘ತಾದೆ’ ಅಂದರೆ ಈ ಮನೆಯವರಿಗೆಲ್ಲ ಹಬ್ಬ. ನೆಂಟರಿಗೆ ಕಾಫಿ ಕೊಡುವ ಮುಂಚೆಯೇ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ನಾಲ್ಕು ತುಂಬುವಷ್ಟರಲ್ಲಿ ಕಾಗೆ ತಾನಾಗೇ ಸರಿಹೋಯಿತು. ‘ರ’ ಮಾತ್ರ ಬರಲಿಲ್ಲ. ಈಗ ಐದು, ರಾಗಿ ಇನ್ನೂ ‘ಲಾಗಿ’ಯೇ. ಆವತ್ತು ನಕ್ಕವರೇ ಈಗ ಮುಖ ಸಿಂಡರಿಸುತ್ತಾರೆ. ನೀನು ಹೇಳಿದಂತೆ ಬಜೆ ತೇದು ನಾಲಗೆಗೆ ಹಚ್ಚಿದೆ. ಪಾಪ, ಖಾರಕ್ಕೆ ಉಗಿದೂ ಉಗಿದೂ ಸಾಕಾದಳು, ಅಷ್ಟೇ.

ನಿನ್ನೆ ಇವರಿಗೂ ಹೇಳದೆ ಕುಕ್ ಟೌನಿಗೆ ಕರೆದುಕೊಂಡು ಹೋದೆ. ಅಲ್ಲಿ ಶಮೀಮ್ ಅಂತ, ಮಕ್ಕಳ ಮಾತು ತಿದ್ದುವ ಮೇಡಂ ಇದ್ದಾರೆ. ‘ರ’ ಎಷ್ಟೋ ಮಕ್ಕಳಿಗೆ ಆರೇಳು ವರ್ಷಕ್ಕೆ ಬರುತ್ತದೆ, ಅದಕ್ಕೆ ಈಗಲೇ ಕೊರಗಬೇಡಿ ಎಂದರು. ಅವರಿಗೂ ದಿಗಿಲಾದದ್ದು ಇವಳು ಬಾಯಿ ಮುಚ್ಚಿ ಕೂತದ್ದು ನೋಡಿ. “ಮಗೂಗೆ ಯಾರಾದ್ರೂ ಮಾತಾಡ್ಬೇಡ ಅಂದ್ರಾ?” ಅಂತ ಕೇಳಿದರು. ಇಲ್ಲ ಅಂದೆ.

ಇವತ್ತು ಬೆಳಿಗ್ಗೆ ಬಚ್ಚಲುಮನೆಯಿಂದ ಪಿಸುಪಿಸು ಕೇಳಿಸಿತು. ನಲ್ಲಿ ಬಿಟ್ಟುಕೊಂಡು, ಗೋಡೆ ಕಡೆ ತಿರುಗಿ, ‘ಲಾಗಿ, ಲಾಗಿ’ ಅಂತ ಒಬ್ಬಳೇ ಹೇಳಿ ನೋಡಿಕೊಳ್ಳುತ್ತಿದ್ದಳು. ನನ್ನ ನೆರಳು ಕಂಡಿದ್ದೇ ನಿಲ್ಲಿಸಿಬಿಟ್ಟಳು.

ಈ ಭಾನುವಾರ ಬಂದುಬಿಡಮ್ಮ. ನಿನ್ನ ತೊಡೆಯ ಮೇಲಾದರೂ ಬಾಯಿಬಿಟ್ಟಾಳು. ಅವಳು ಹೇಗೆ ಹೇಳಿದರೂ ತಿದ್ದಬೇಡ, ನಗಬೇಡ. ಬಜೆಯನ್ನೂ ತರಬೇಡ.

ದಾರಿ ನೋಡುತ್ತಿರುವ
ಸುಕನ್ಯ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಒಂಬತ್ತು ದಿನದ ಹಿಂದೆ ನಾದಿನಿ ದಿವ್ಯಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬೃಂದಾ ಮಾತಿಗೆ ಅವರೆಲ್ಲ ನಕ್ಕರು. ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಸರಿಯಾಗಿ ಹೇಳೋಕೆ ಬರೋವರ್ಗೂ ಬಾಯಿ ತೆಗೀಬೇಡ” ಅಂದುಬಿಟ್ಟೆ. ಈಗ ಹೇಗಾದರೂ ಮಾತಾಡು ಕಂದ ಅಂತ ಅಂಗಲಾಚಿದರೆ, ಇನ್ನೂ ಬಂದಿಲ್ಲ ಅಂತ ತಲೆಯಾಡಿಸುತ್ತಾಳೆ.