ಬೀಗ ಹಾಕಿದ ಕೋಣೆಯ ಊಳು

ಮಾರ್ಚ್ ೧೨, ರಾತ್ರಿ.

ತಪ್ಪೊಪ್ಪಿಗೆ: ಸಂಜೆ ಪಾಸ್‌ವರ್ಡ್ ತೋರಿಸಿ ಕಾವಲು ದಾಟಿ, ಕಂಪ್ಯೂಟರಿನ ಒಳಮನೆಯಾದ ಕರ್ನಲ್‌ಗೆ ಎಕ್ಸ್‌ಟೆನ್ಶನ್ ಎಂಬ ಅಪರಿಚಿತ ಸಾಫ್ಟ್‌ವೇರ್ ತುಣುಕೊಂದನ್ನು ನುಗ್ಗಿಸಿದೆ, ಯಂತ್ರವನ್ನು ತಂಪಾಗಿಸುವ ಫ್ಯಾನು ನನ್ನ ಮಾತು ಕೇಳಲೆಂದು. "ಈ ಮನೇಲಿ ಕರ್ನಲ್ ಬಲ್ಲೋನು ನಾನೊಬ್ಬನೇ," ಎಂದು ಹೆಂಡತಿಯೆದುರು ಕೊಚ್ಚಿಕೊಂಡೆ.

ನನ್ನ ಫ್ಯಾನು ಮಿಸುಕಲಿಲ್ಲ. ಪ್ರವಾಸ ಹೋಗಿರುವ ಅಕ್ಕನ ಬೀಗ ಹಾಕಿದ ಕೋಣೆಯೊಳಗೆ ಏನೋ ಊಳಿಡತೊಡಗಿತು. ಪರದೆಯಲ್ಲಿ ಫ್ಯಾನಿನ ವೇಗದ ಅಂಕಿ ಏರಿಸಿದೆ, ಊಳೂ ಏರಿತು.

"ರೀ, ಅತ್ತಿಗೆ ರೂಮಲ್ಲಿ ಯಾರೋ ಇದಾರೆ."

"ಯಾರಾದ್ರೇನು, ನನ್ನ ಮಾತು ಕೇಳ್ತಿದೆಯಲ್ಲ," ಎಂದೆ, ಬೆವರುತ್ತ.

ಅವಳು ಪರದೆಯತ್ತ ಬಗ್ಗಿದಳು. "ಇಲ್ಲಿರೋದು ಅತ್ತಿಗೆ ಕಂಪ್ಯೂಟರ್ ಹೆಸರಲ್ವಾ?"

ಬೆಳಿಗ್ಗೆ ಅಕ್ಕ ಕೇಳಿದ ಫೈಲನ್ನು ಅವಳ ಕೋಣೆಯ ಯಂತ್ರದಿಂದ ಕಳಿಸಲು ನನ್ನ ಪರದೆಯಲ್ಲಿ ತೆರೆದಿದ್ದ ಕಿಟಕಿಯನ್ನು ಮುಚ್ಚಿರಲಿಲ್ಲ; ಸಂಜೆ ನಾನು ನುಗ್ಗಿಸಿದ್ದೆಲ್ಲ ಅಲ್ಲಿಗೇ ಹೋಗಿತ್ತು. ಎರಡೂ ಯಂತ್ರಕ್ಕೆ ಒಂದೇ ಪಾಸ್‌ವರ್ಡ್ ಇಟ್ಟ ಜಾಣನೂ ನಾನೇ. ಅವಳ ಮೂರು ವರ್ಷದ ಪ್ರಬಂಧ ಅದರೊಳಗಿದೆ.

ಈಗ ಅಂಕಿ ಇಳಿಸಿದರೂ ಊಳು ಇಳಿಯುತ್ತಿಲ್ಲ. ಒಳಹೊಕ್ಕದ್ದನ್ನು ಹೊರಗೆಳೆಯುವುದು ಹೇಗೆಂದು, ನಿಜ ಹೇಳಬೇಕೆಂದರೆ, ಕರ್ನಲ್ ಬಲ್ಲ ನನಗೆ...