ಕನ್ನಡಿ ಇದ್ದ ಗೋಡೆ

ಜೂನ್ 3, ಸೋಮವಾರ. ಬೆಳಿಗ್ಗೆ 6.40

ಕಂಪ್ಯೂಟರ್ ಆನ್ ಮಾಡಿದೆ. ಶುರುವಾಗಲು ಐವತ್ತೆರಡು ಸೆಕೆಂಡ್. ನಿನ್ನೆಗಿಂತ ಮೂರು ಜಾಸ್ತಿ. ಹಿಂಬದಿ ಜಾಲರಿಯ ಧೂಳನ್ನು ಬ್ರಷ್‌ನಿಂದ ತೆಗೆದೆ. ಆಲ್-ಇನ್-ಒನ್ ಆದ್ದರಿಂದ ಸಿಪಿಯು ಡಬ್ಬ ಬೇರೆ ಇಲ್ಲ, ಎಲ್ಲವೂ ಸ್ಕ್ರೀನಿನ ಬೆನ್ನಲ್ಲೇ. ಅಪ್ಪ ಇಲ್ಲೇ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಆಳುಗಳನ್ನು ಇಳಿಸುವ ಎಂಜಿನ್ನಿಗೆ ಶಿಫ್ಟ್ ಶಿಫ್ಟಿಗೂ ಲಾಗ್ ಬರೆಯುತ್ತಿದ್ದರು. ಯಂತ್ರ ಅಂದಮೇಲೆ ಪುಸ್ತಕ ಬೇಕು. ಇದಕ್ಕೆ ನಾನು ಬರೆಯುತ್ತೇನೆ.

ಸಂಜೆ ಆನ್‌ಲೈನ್ ಟ್ಯೂಷನ್. ಹತ್ತನೇ ಕ್ಲಾಸ್ ಗಣಿತ, ಹನ್ನೊಂದು ಮಕ್ಕಳು. ಚಿತ್ರ, ಧ್ವನಿ ಓಕೆ.

ಸ್ಕ್ರೀನ್ ಮೇಲೆ ಮತ್ತೆ ಬೆರಳಿನ ಗುರುತು. ಹೆಂಡತಿ ಶ್ಯಾಮಲಳದ್ದು. ಆಫ್ ಆಗಿರುವಾಗ ಅದರ ಮುಂದೆ ನಿಂತು ತಲೆ ಬಾಚುತ್ತಾಳೆ. ಗಣಿ ಕಾಲದ ಲೈನ್ ಮನೆ, ಒಂದೇ ಕೋಣೆ. ಕಿಟಕಿಯ ಬೆಳಕು ಬೀಳುವ ಗೋಡೆ ಒಂದೇ, ಪ್ಲಗ್ ಇರುವುದೂ ಅಲ್ಲೇ. ಟೇಬಲ್ ಹಾಕಲು ಅವಳ ಕನ್ನಡಿ ಇಳಿಸಿ ಮಂಚದ ಕೆಳಗೆ ಇಟ್ಟೆ. ಟೆಂಪರರಿ ಅಂದಿದ್ದೆ. ಎರಡು ತಿಂಗಳಾಯಿತು.

ಜೂನ್ 9, ಭಾನುವಾರ

ಕ್ಲಾಸ್ ಇಲ್ಲ. ಶ್ಯಾಮಲ ಎಣ್ಣೆ ಸ್ನಾನಕ್ಕೆ ಹೋಗಿದ್ದಳು. ನೋಡಿದರೆ ಸ್ಕ್ರೀನಿನ ನಡುಮಧ್ಯೆ ಎಣ್ಣೆ ಕೈ. ಐದೂ ಬೆರಳು! ಅವಳು ಹೊರಗೆ ಬರುತ್ತಿದ್ದಂತೆ ಕೂಗಾಡಿದೆ. ಪಕ್ಕದ ಮನೆ ಸೆಲ್ವಿ ಸಕ್ಕರೆಗೆ ಅಂತ ಬಂದು ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ನೋಡಿಯೂ ನಾನು ಸುಮ್ಮನಾಗಲಿಲ್ಲ.

"ಮುಟ್ಬೇಡ ಅಂದ್ರೆ ತಲೇಗೋಗಲ್ವಾ? ದನ ಕಾಯೋರ್‌ಗೆ ಇದೆಲ್ಲಾ ಎಲ್ಲಿ ಅರ್ಥ ಆಗ್ಬೇಕು!"

ಅವಳಪ್ಪನಿಗೆ ಎಂಟು ಹಸು. ಹೇಳಬಾರದಿತ್ತು.

ಸೆರಗಿನಿಂದ ಸ್ಕ್ರೀನ್ ಒರೆಸಿದಳು. "ಇರೋ ಒಂದ್ ಮನೇಲಿ ನನ್ ಮುಖ ನಾನ್ ನೋಡ್ಕೊಳಾಕ್ ಜಾಗ ಇಲ್ಲ ಅಂದ್ರೆ, ನಾನ್ಯಾಕ್ರೀ ಇಲ್ಲಿರ್ಬೇಕು?" ಅಷ್ಟೇ ಅಂದಳು.

(ಸೆರಗಿನಿಂದ ಒರೆಸಬಾರದು. ಗೀರು ಬೀಳುತ್ತದೆ.)

ಜೂನ್ 10, ಸೋಮವಾರ

ಬೆಳಿಗ್ಗೆ ಬ್ಯಾಗ್ ಹಿಡಿದು ಹೊರಟಳು. ತವರಿಗೆ — ಬಂಗಾರಪೇಟೆಯಿಂದ ಆಚೆ ಆರು ಕಿಲೋಮೀಟರ್. ಯಾವಾಗ ಬರುತ್ತೀ ಅಂತ ಕೇಳಲಿಲ್ಲ.

ಸಂಜೆ: ಕ್ಯಾಮೆರಾ ಕೆಟ್ಟಿದೆ. ಪೂರ್ತಿ ಕಪ್ಪು. ಧ್ವನಿ ಓಕೆ.

ಜೂನ್ 14, ಶುಕ್ರವಾರ

ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕಪ್ಪು. ಸೆಟ್ಟಿಂಗ್ಸ್ ಎಲ್ಲಾ ಜಾಲಾಡಿದೆ. ಕಪ್ಪು. ಕ್ಲಾಸಿನಲ್ಲಿ ಒಂದು ಹುಡುಗಿ "ಸಾರ್, ಇದ್ದೀರಾ?" ಅಂದಳು. ಇದ್ದೀನಮ್ಮ ಅಂದೆ.

ಮಧ್ಯಾಹ್ನ ಹನ್ನೆರಡಕ್ಕೆ ಶ್ಯಾಮಲಳಿಗೆ ಫೋನ್ ಮಾಡಿದ್ದೆ. ಮಾವ ಕೋದಂಡಪ್ಪ ಎತ್ತಿಕೊಂಡರು.

"ಅವ್ಳು ಆಲು ಕರೀತಾವ್ಳೆ ಕಣಪ್ಪಾ."

ಹನ್ನೆರಡು ಗಂಟೆಗೆ ಯಾವ ಹಸು ಹಾಲು ಕೊಡುತ್ತದೆ?

ಜೂನ್ 27, ಗುರುವಾರ

ಹನ್ನೆರಡು ದಿನ ಲಾಗ್ ಇಲ್ಲ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು.

ಬಂಗಾರಪೇಟೆಯಿಂದ ರಿಪೇರಿಗೆ ಅಂಬರೀಶ್ ಬಂದ. ಬೆನ್ನು ಬಿಚ್ಚಬೇಕು, ಬಿಚ್ಚುವಾಗ ಸ್ಕ್ರೀನ್ ಸೀಳಿದರೆ ನನ್ನನ್ನು ಕೇಳಬೇಡಿ ಅಂತ ಮೊದಲೇ ಹೆದರಿಸಿದ. ಸ್ಕ್ರೂಡ್ರೈವರ್ ಹಿಡಿದವನು ಮೇಲಿನ ಕಪ್ಪು ಅಂಚಿನಲ್ಲಿ ಕ್ಯಾಮೆರಾ ಇರುವ ಜಾಗಕ್ಕೆ ಬಗ್ಗಿ ನೋಡಿದ. ಉಗುರಿನಿಂದ ಕೆರೆದ. ಬೆರಳ ತುದಿಗೆ ಬಂತು — ಕರಿ ಸ್ಟಿಕ್ಕರ್ ಬೊಟ್ಟು. ಮೆಣಸಿನ ಕಾಳಿನಷ್ಟು.

"ನಮ್ಮನೇಲೂ ಇಂಗೇ ಸಾ. ಸ್ನಾನಕ್ಕೋಗೋ ಮುಂಚೆ ತೆಗ್ದು ಕನ್ನಡೀಗ್ ಅಂಟಿಸ್ತಾರೆ. ನಿಮ್ಮನೇಲಿ ಇದ್ನೇ ಕನ್ನಡಿ ಮಾಡ್ಕೊಂಡವ್ರೆ!"

ನಗುತ್ತಾ ಹೋದ. ಸ್ಕ್ರೀನಿನಲ್ಲಿ ನನ್ನ ಮುಖ ಬಂತು. ಶೇವ್ ಮಾಡಿ ಎಷ್ಟು ದಿನವಾಗಿತ್ತೋ.

ಜೂನ್ 28, ಶುಕ್ರವಾರ

ಬೊಟ್ಟನ್ನು ಈ ಪುಟಕ್ಕೆ ಅಂಟಿಸಿದ್ದೇನೆ. ಅವತ್ತು ಎಣ್ಣೆ ಸ್ನಾನಕ್ಕೆ ಮುಂಚೆ ಅಂಟಿಸಿದ್ದು. ಬಂದು ತೆಗೆದುಕೊಳ್ಳುವಷ್ಟರಲ್ಲಿ ನಾನು ಶುರು ಮಾಡಿದ್ದೆ. ಮುಟ್ಟಬೇಡ ಅಂದೆ. ಮುಟ್ಟಲಿಲ್ಲ.

ಬೇರೆ ಬೊಟ್ಟು ಇಟ್ಟುಕೊಂಡು ಹೋದಳೋ, ಬರೀ ಹಣೆಯಲ್ಲೇ ಹೋದಳೋ... ಗೊತ್ತಿಲ್ಲ. ಮುಖ ನೋಡಿರಲಿಲ್ಲ. ದೋಷ ಯಂತ್ರದ್ದಲ್ಲ. ನನ್ನದು. ನಾಚಿಕೆಯಾಗುತ್ತದೆ.

ಜೂನ್ 30, ಭಾನುವಾರ

ರಾಬರ್ಟ್‌ಸನ್‌ಪೇಟೆಗೆ ಹೋಗಿ ಎಕ್ಸ್‌ಟೆನ್ಷನ್ ಬೋರ್ಡ್ ತಂದೆ. ಕಂಪ್ಯೂಟರನ್ನು ಎದುರು ಗೋಡೆಗೆ, ಒಲೆಯ ಪಕ್ಕಕ್ಕೆ ಸರಿಸಿದೆ. ಒಗ್ಗರಣೆ ಹೊಗೆ ಯಂತ್ರಕ್ಕೆ ಒಳ್ಳೆಯದಲ್ಲ. ಇರಲಿ.

ಕನ್ನಡಿ ತೆಗೆದು ಒರೆಸಿದೆ. ಅಂಚಿನಲ್ಲಿ ಆರು ಹಳೆಯ ಬೊಟ್ಟುಗಳು. ಹಾಗೇ ಬಿಟ್ಟೆ. ಅದರ ಗೋಡೆಗೆ ಹೊಸ ಮೊಳೆ ಹೊಡೆದು ತೂಗುಹಾಕಿದೆ. ಆಮೇಲೆ ಕಂಪ್ಯೂಟರಿನಿಂದಲೇ ವಿಡಿಯೊ ಕಾಲ್. ಅವಳೇ ಎತ್ತಿಕೊಂಡಳು. ಹಣೆಯಲ್ಲಿ ಬೊಟ್ಟು ಇತ್ತು.

"ಏನ್ರೀ?"

ತಪ್ಪಾಯ್ತು ಅಂದೆ. ದನದ ಮಾತಿಗೂ, ಕನ್ನಡಿಗೂ. ನೀನಿಲ್ಲದೆ ಮನೆ ಬೇಡ ಅನ್ನಿಸಿಬಿಟ್ಟಿದೆ ಅಂದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

"ಅದ್ಯಾಕ್ರೀ ಅಷ್ಟ್ ಮ್ಯಾಲಕ್ ಒಡ್ದಿದ್ದೀರಾ ಮೊಳೆ? ನಂಗೆ ತಲೆಗೂದ್ಲು ಬಿಟ್ರೆ ಏನೂ ಕಾಣ್ಸಲ್ಲ. ಒಂದ್ ಗೇಣು ಕೆಳಕ್ ಇಳ್ಸಿ."

ಬರುತ್ತೇನೆ ಅನ್ನಲಿಲ್ಲ. ಇಟ್ಟುಬಿಟ್ಟಳು.

ಜುಲೈ 3, ಬುಧವಾರ. ಬೆಳಿಗ್ಗೆ 10.15

ಒಂದು ಗೇಣು ಇಳಿಸಿದೆ. ಅದು ನನ್ನ ಗೇಣು. ಅವಳದು ಚಿಕ್ಕದು ಅಂತ ಆಮೇಲೆ ಹೊಳೆದು ಮತ್ತೆ ಕಿತ್ತು ಹೊಡೆದೆ. ಗೋಡೆಯಲ್ಲಿ ಎರಡು ತೂತು ದಂಡ. ಈಗ ಮುಂದೆ ನಿಂತರೆ ನನಗೆ ಕುತ್ತಿಗೆ, ಅಂಗಿಯ ಗುಂಡಿ ಕಾಣುತ್ತವೆ. ಸರಿ ಇರಬೇಕು.

ಕಂಪ್ಯೂಟರ್ ಆನ್ ಮಾಡಿಲ್ಲ. ಸೆಕೆಂಡ್ ಎಣಿಸಿಲ್ಲ.

ಹೊರಗೆ ಸೆಲ್ವಿಯ ದನಿ — "ಅಕ್ಕಾ, ವಾಂಗ ವಾಂಗ, ಬನ್ನಿ! ಬ್ಯಾಗ್ ಇಲ್ಲಿ ಕೊಡಿ... ವೇಣಣ್ಣಾ, ಬಾಗ್ಲು ತೆಗೀರಿ!"

ಬಾಗಿಲು ನಾನೇ ತೆಗೆದು—