ಸಾಕ್ಷಿ ಕೈಮುಗಿದಳು

ಜೂನ್ 9, 2025. ಸೋಮವಾರ, ಬೆಳಿಗ್ಗೆ

ಬಿ.ಪಿ. ಮಾತ್ರೆ ಆಯ್ತು. ಕಾಫಿ ಆಯ್ತು. ಕೋರ್ಟಿಗೆ ಕಟ್ಟುವ ಕೊರಳ ಬಿಳಿ ಪಟ್ಟಿ ಮತ್ತೆ ಹಳದಿ — ಎಷ್ಟು ಹೇಳಿದರೂ ಸುಧಾಮಣಿ ನೀಲಿ ಹಾಕುವುದಿಲ್ಲ. ಬೇಕೆಂದೇ ಇರಬೇಕು. ನನ್ನ ಹೆಂಡತಿಯ ತಕರಾರೆಲ್ಲ ಬಟ್ಟೆಯಲ್ಲೇ ಕಾಣುವುದು, ಬಾಯಲ್ಲಿ ಒಂದೂ ಇಲ್ಲ.

ವಕೀಲರ ಸಂಘದವರು ಸ್ಮರಣ ಸಂಚಿಕೆ ತರುತ್ತಾರಂತೆ. ನನ್ನ ಪರಿಚಯ ಬೇಕಂತೆ. ‘ಹಿರಿಯ ಕ್ರಿಮಿನಲ್ ಡಿಫೆನ್ಸ್ ವಕೀಲ ಮಾದಯ್ಯ: ವೃತ್ತಿ ಮತ್ತು ಪರಿಣತಿ’. ಕುಳಿತು ಬರೆದುಕೊಟ್ಟೆ. ಕೊಲೆ. ಕೊಲೆಯಲ್ಲದ ನರಹತ್ಯೆ. ಮರಣ ಹೇಳಿಕೆ ಮುರಿಯುವುದು. ಕಾಡಿನ ಕೇಸು — ದಂತ, ಚರ್ಮ, ಗಂಧ. ಕರೆಂಟ್ ಬೇಲಿ ಕೇಸು. ಇದೊಂದರಲ್ಲಿ ಘಟ್ಟದ ಮೇಲಾಗಲಿ ಕೆಳಗಾಗಲಿ ನನ್ನೆದುರು ನಿಲ್ಲುವವರಿಲ್ಲ. ಹಂದಿಗೆ ಹಾಕಿದ ತಂತಿಗೆ ಮನುಷ್ಯ ಸಿಕ್ಕರೆ, ತಂತಿ ಹಾಕಿದವನು ಮೊದಲು ನನಗೆ ಫೋನ್ ಮಾಡುತ್ತಾನೆ. ಆಮೇಲೆ ಆಂಬುಲೆನ್ಸಿಗೆ.

ನಿಜವಾದ ಪರಿಣತಿ ಬರೆಯಲಿಲ್ಲ. ಬೆಟ್ಟದ ಸಾಕ್ಷಿಗಳು. ಉಳಿದ ಸೀನಿಯರ್‌ಗಳು ಪೋಸ್ಟ್‌ಮಾರ್ಟಂ ರಿಪೋರ್ಟ್ ಓದುತ್ತಾರೆ. ನಾನು ಸಾಕ್ಷಿ ಚಪ್ಪಲಿ ಎಲ್ಲಿ ಬಿಟ್ಟ, ಯಾರನ್ನು ಕಂಡು ಗೋಡೆಗೆ ಸರಿದ ಎಂದು ನೋಡುತ್ತೇನೆ. ತಾಳವಾಡಿ ಕಡೆಯವರ, ತಮಿಳುನಾಡಿಗೆ ಸೇರಿದ ಕನ್ನಡದ ಬೆಟ್ಟದವರ, ಮೈ ನನಗೆ ಗೊತ್ತು. ನಾನೂ ಪಣಕಹಳ್ಳಿಯ ಕೂಲಿ ಬೀದಿಯವನೇ. ಸಂಚಿಕೆಯಲ್ಲಿ ಅದು ಬೇಡ. ‘ಕೃಷಿಕ ಕುಟುಂಬದಲ್ಲಿ ಜನನ’ ಎಂದು ಹಾಕಿದ್ದೇನೆ. ಸುಳ್ಳಲ್ಲ. ಕೃಷಿ ಮಾಡಿದ್ದು ಬೇರೆಯವರ ಹೊಲದಲ್ಲಿ, ಅಷ್ಟೇ.

ಜೂನ್ 12, ಗುರುವಾರ

ಜಡೆಸ್ವಾಮಿ ಬಂದಿದ್ದ. ನಮ್ಮೂರ ದೊಡ್ಡ ಹಿಡುವಳಿದಾರ. ನನ್ನ ಅಪ್ಪ ಚನ್ನಯ್ಯ ಸಾಯುವವರೆಗೂ ದುಡಿದದ್ದು ಇವರ ಹೊಲದಲ್ಲೇ. ಈಗ ಬೇಲ್ ಮೇಲೆ ಇದ್ದಾನೆ, ಎರಡು ವರ್ಷದಿಂದ ನನ್ನ ಕಕ್ಷಿದಾರ. ಅವನು ಒಳಗೆ ಬರುವಾಗ ನಾನು ಫೈಲನ್ನು ಎರಡೂ ಕೈಯಲ್ಲಿ ಹಿಡಿದಿರುತ್ತೇನೆ. ಅವನೆದುರು ಕೈ ಖಾಲಿ ಇರಬಾರದು, ಅಭ್ಯಾಸ.

ಕೇಸು ಸರಳ. ಜೋಳದ ಹೊಲದ ಸುತ್ತ ಮನೆ ಲೈನಿನಿಂದ ಕಳ್ಳ ಕರೆಂಟು. ಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ. ನಸುಕಿನಲ್ಲಿ ಪಕ್ಕದ ಟೊಮೇಟೊಗೆ ನೀರು ತಿರುಗಿಸಲು ಹೋದ ಕೂಲಿಯಾಳು ಮಣಿ ತಗುಲಿಕೊಂಡು ಸತ್ತ. ಹೆಣ ಸಿಕ್ಕಿದ್ದು ಮಾತ್ರ ರಸ್ತೆ ಬದಿ, ಕಂಬದ ಕೆಳಗೆ. ಹಿಂದಿನ ದಿನದ ಗಾಳಿಗೆ ಅಲ್ಲಿ ಲೈನು ಹರಿದು ಬಿದ್ದಿತ್ತು. ನಮ್ಮ ಡಿಫೆನ್ಸ್ ಅದೇ.

“ನೀವೇ ಎಳ್ಕೊಂಡೋಗಿ ಹಾಕಿದ್ರಾ?” ಎಂದು ಕೇಳಿದೆ. ನಾನು ಕಕ್ಷಿದಾರರಿಂದ ನಿಜ ಕೇಳುವ ವಕೀಲ. ನಿಜ ಗೊತ್ತಿದ್ದರೆ ತಾನೇ ಅದನ್ನು ಎಲ್ಲಿ ಮುಟ್ಟಬಾರದು ಎಂದು ತಿಳಿಯುವುದು.

“ಊಂ ಕಣಪ್ಪ ವಕೀಲ್ರೇ. ಎಣ ಎಳ್ದಾಕ್ಬುಟ್ಟು ಬಂದು ತಂತಿ ಸುತ್ಕೊತಿದ್ದೆ. ಅವ್ರವ್ವ ಕೆಂಚಿ ಹಿಟ್ಟು ತಕ್ಕೊಂಡು ಬಂದ್ಲು. ನೋಡ್ಬುಟ್ಲು. ಅವ್ಳೇನ್ ಏಳಾಳು ಅಂತ ಸುಮ್ನಾದೆ.”

ಹೇಳಿದಳು. ಪೊಲೀಸಿಗೆ ಹೇಳಿದಳು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿದಳು. ಕೆಂಚಮ್ಮ ಒಬ್ಬಳೇ ಕಣ್ಣಾರೆ ಕಂಡವಳು. ಅವಳ ಮಾತು ನಿಂತರೆ ಇವನು ಒಳಗೆ. ಬಿದ್ದರೆ ಹೊರಗೆ. ನಡುವೆ ಏನೂ ಇಲ್ಲ.

ಕೆಂಚಮ್ಮ ನನಗೆ ಚಿಕ್ಕವ್ವ. ರಕ್ತಸಂಬಂಧ ಅಲ್ಲ, ಬೀದಿಯ ಸಂಬಂಧ. ಅವ್ವ ಕಳೆ ಕೀಳಲು ಹೋದಾಗ ನನ್ನನ್ನು ಇವಳ ಜಗುಲಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಕಾನೂನಿನಲ್ಲಿ ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದು ಅಡ್ಡಿಯೂ ಅಲ್ಲ.

ಅದೇ ದಿನ, ಸಂಜೆ

ಸುಧಾಮಣಿಗೆ ಗೊತ್ತಾಗಿದೆ. ಅನ್ನ ಬಡಿಸುತ್ತಾ ಹೇಳಿದಳು.

“ಕೆಂಚವ್ವನ ಕೇಸ್ನ ಬೇರೆ ವಕೀಲ್ರು ನೋಡ್ಕತಾರೆ. ನೀವು ಬುಟ್ಬುಡಿ.”

“ನಾನಲ್ಲದಿದ್ರೆ ಇನ್ನೊಬ್ಬ ಕ್ರಾಸ್ ಮಾಡ್ತಾನೆ.”

“ಮಾಡ್ಲಿ. ಅವ್ರು ಯಾರೂ ಅವಳ ಕೈ ತುತ್ತು ತಿಂದಿಲ್ಲ.”

ಊಟ ಮಾಡಿದೆ. ಸಾರಿಗೆ ಉಪ್ಪು ಹಾಕಿರಲಿಲ್ಲ. ಅಡುಗೆಗೂ ಬಂತು ತಕರಾರು.

ಜೂನ್ 18, ಬುಧವಾರ

ನಾಳೆ ಕೆಂಚಮ್ಮನ ಸಾಕ್ಷಿ. ಹೇಳಿಕೆ ಮೂರು ಸಲ ಓದಿದೆ. ಬಿರುಕಿಲ್ಲ. ಓದು ಬರಹ ಇಲ್ಲದವರ ನಿಜದಲ್ಲಿ ಇದೊಂದು ಕಿರಿಕಿರಿ, ಹೇಗೆ ತಿರುಗಿಸಿದರೂ ಅದೇ ಇರುತ್ತದೆ. ಸರ್ಕಾರದ ಪರ ವಾದಿಸುವ ಪಿ.ಪಿ. ಖುಷಿಯಲ್ಲಿದ್ದಾನೆ. ಕ್ಯಾಂಟೀನಿನಲ್ಲಿ ಎದುರು ಕೂತು ಬೋಂಡಾ ತಿನ್ನುತ್ತಾ, “ಸಾರ್, ಈ ಸಲ ಮುದುಕಿ ಗಟ್ಟಿ” ಎಂದ. ತಿನ್ನಲಿ.

ಮಾತಿನಲ್ಲಿ ಬಿರುಕಿಲ್ಲದಿದ್ದರೆ ಮೈಯಲ್ಲಿ ಹುಡುಕಬೇಕು. ನಮ್ಮ ಬೀದಿಯಲ್ಲಿ ಮಗುವಿಗೆ ಅವ್ವ ಅನ್ನಲು ಬರುವ ಮೊದಲೇ, ಹೊಲದ ಒಡೆಯ ಕಂಡರೆ ಕೈಮುಗಿದು ‘ಬುದ್ದೀ’ ಎನ್ನಲು ಕಲಿಸುತ್ತಾರೆ. ಅಪ್ಪ ಜ್ವರದಲ್ಲಿ ಮಲಗಿದ್ದಾಗ ಜಡೆಸ್ವಾಮಿಯ ಅಪ್ಪ ಬೀದಿ ತುದಿಯಲ್ಲಿ ಕೆಮ್ಮಿದ. ಕಣ್ಣು ಮುಚ್ಚಿಯೇ ಇತ್ತು, ಅಪ್ಪನ ಎರಡೂ ಕೈ ಕಂಬಳಿಯಿಂದ ಆಚೆ ಬಂದವು. ನಾನು ನೋಡುತ್ತಿದ್ದೆ. ಅವತ್ತೇ ಲಾ ಓದಬೇಕು ಎಂದುಕೊಂಡದ್ದು.

ಜಡ್ಜಮ್ಮ ತಂಜಾವೂರು ಕಡೆಯವರು. ಇದು ಅವರಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಜಡೆಸ್ವಾಮಿಗೆ ಫೋನ್ ಮಾಡಿದೆ. ಪ್ಯಾಂಟು ಬೇಡ. ಹೊಲಕ್ಕೆ ಹೋಗುವ ಪಂಚೆ, ಹೆಗಲಿಗೆ ಟವಲು. ಕೆಂಚಮ್ಮ ಕಟಕಟೆ ಹತ್ತಿದ ಮೇಲೆ ಒಳಗೆ ಬನ್ನಿ, ಅವಳ ಪಕ್ಕದಲ್ಲೇ ಹಾದು ಬನ್ನಿ. ಬದುವಿನ ಮೇಲೆ ನಿಂತು ಕೆಮ್ಮುತ್ತೀರಲ್ಲ, ಹಾಗೆ ಒಮ್ಮೆ ಕೆಮ್ಮಿ.

“ಅಷ್ಟೇಯಾ?” ಎಂದ.

ಅಷ್ಟೇ.

ಜೂನ್ 19, ಗುರುವಾರ

ಆಯಿತು. ಈಗಲೇ ಬರೆಯಬೇಕು, ಸರಿಯಾಗಿ.

ಜಡೆಸ್ವಾಮಿ ಬರುವುದು ತಡ, ಅಲ್ಲಿಯವರೆಗೆ ನನ್ನ ಹಾಜರಿ ಸಾಕೆಂದು ಅರ್ಜಿ ಕೊಟ್ಟೆ. ಕೆಂಚಮ್ಮನ ಹೆಸರು ಕೂಗಿದರು. ಬಂದಳು. ಚಪ್ಪಲಿಯನ್ನು ಕೋರ್ಟಿನ ಹೊರಗೆ ಬಿಟ್ಟು ಬಂದಳು. ಮಾಸಿದ ಸೀರೆ, ಒಗೆದದ್ದು. ಪಿ.ಪಿ. ಕೇಳಿದ್ದಕ್ಕೆಲ್ಲ, ತಡವರಿಸುವ ತಮಿಳಿನಲ್ಲೇ, ಸರಿಯಾಗಿ ಹೇಳಿದಳು. ಮಗ ಜೋಳದ ನಡುವೆ ಬಿದ್ದದ್ದು ಕಂಡದ್ದು… ಇಲ್ಲ, ತಪ್ಪು ಬರೆದೆ. ಮಗ ಬಿದ್ದದ್ದು ಕಂಡಿಲ್ಲ. ಕಂಡದ್ದು, ಏನೋ ಎಳೆದ ಜಾಡಿನಲ್ಲಿ ಜೋಳದ ದಂಟು ಮಲಗಿದ್ದು, ಆ ಜಾಡು ರಸ್ತೆಗೆ ಹೋಗಿದ್ದು, ಬುದ್ದಿಯವರು ತಂತಿ ಸುತ್ತುತ್ತಿದ್ದದ್ದು. ಜಡ್ಜಮ್ಮ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಕೆಟ್ಟ ಲಕ್ಷಣ.

ಆಗ ಜಡೆಸ್ವಾಮಿ ಬಂದ. ತಡವಾಗಿದ್ದಕ್ಕೆ ನಾನು ಕ್ಷಮೆ ಕೇಳಿದೆ, ಘಟ್ಟದಲ್ಲಿ ಲಾರಿ ಕೆಟ್ಟಿತ್ತು ಎಂದೆ. ಅವಳ ಪಕ್ಕದಲ್ಲಿ ಹಾದ. ಕೆಮ್ಮಿದ.

ಸೆರಗು ಬಿಗಿದಳು. ಬಗ್ಗಿದಳು. ಎರಡೂ ಕೈ ಹಣೆಯವರೆಗೆ. “ಬುದ್ದೀ.”

ಕೋರ್ಟು ಪೂರ್ತಿ ನೋಡಿತು.

ಎದ್ದು ನಿಂತೆ. ತಮಿಳಿನಲ್ಲಿ ಮಾತಾಡಲು ಅವಳು ತಡವರಿಸುತ್ತಾಳೆಂದು ಕನ್ನಡದಲ್ಲೇ ಕೇಳಲು ಅನುಮತಿ ಪಡೆದೆ. ಗುಮಾಸ್ತರು ತಮಿಳಿಗೆ ಹೇಳುತ್ತಿದ್ದರು.

“ನೀವು ಈಗ ಯಾರಿಗೆ ಕೈ ಮುಗಿದ್ರಿ?”

ಹಿಂದೆ ತಿರುಗಿ ನೋಡಿದಳು. ನನ್ನ ಬಾಯಿಂದ ‘ನೀವು’ ಕೇಳಿ ಗೊತ್ತಿಲ್ಲ. ಬೇರೆ ಯಾರನ್ನೋ ಕೇಳುತ್ತಿದ್ದೇನೆ ಎಂದುಕೊಂಡಳು.

“ನಿಮ್ಮನ್ನೇ ಕೇಳ್ತಿರೋದು.”

“ಬುದ್ದಿಯೋರ್ಗೆ ಕಣ ಮಗ.”

“ಮಗ ಅನ್ಬೇಡಿ. ಇದು ಕೋರ್ಟು.”

“ಆಯ್ತು.” ಕಟಕಟೆ ಹಿಡಿದುಕೊಂಡು, “ಆಯ್ತು ಕಣಪ್ಪ.”

“ನಿಮ್ಮ ಮಗನ ಸಾವಿಗೆ ಇವರೇ ಕಾರಣ ಅಂತೀರಿ. ಮಗನನ್ನ ಸಾಯಿಸಿದವರಿಗೆ ಯಾವ ತಾಯಿಯಾದ್ರೂ ಕೈ ಮುಗೀತಾಳಾ?”

ತನ್ನ ಕೈಗಳನ್ನು ನೋಡಿಕೊಂಡಳು. ಯಾರೋ ತಂದು ಅವಳ ತೋಳಿಗೆ ಕಟ್ಟಿ ಹೋಗಿದ್ದಾರೆ ಅನ್ನುವ ಹಾಗೆ. ತುಂಬ ಮೆಲ್ಲಗೆ ಹೇಳಿದಳು: “ಕೈಯಿ ತಾನೇ ಎದ್ಬುಡ್ತು ಕಣ ಮಾದ. ನಾ ಎತ್ನಿಲ್ಲ.”

ಅದು ಕೇಳಿಸಿದ್ದು ನನಗೊಬ್ಬನಿಗೆ. ಹತ್ತಿರ ನಿಂತಿದ್ದೆ. ಗುಮಾಸ್ತರು ಏನು ಹೇಳಿದಳೆಂದು ಹುಬ್ಬು ಎತ್ತಿದರು. ನಾನು ತಿರುಗಿ ಜೋರಾಗಿ ಹೇಳಿದೆ: ಸಾಕ್ಷಿ ಉತ್ತರ ಕೊಡುತ್ತಿಲ್ಲ, ದಾಖಲಾಗಲಿ. ದಾಖಲಾಯಿತು. ಪಿ.ಪಿ. ಮೊಬೈಲ್ ನೋಡುತ್ತಿದ್ದ.

ಇನ್ನು ಪ್ರಶ್ನೆ ಇಲ್ಲ ಎಂದೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದವನೇ ಸೀನಿಯರ್. ಉಳಿದವರು ಮಾತಾಡುತ್ತಲೇ ಇರುತ್ತಾರೆ.

ಇಳಿದು ಹೋಗುವಾಗ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ಜೂನ್ 20

ಸುಧಾಮಣಿ ಊರಿಗೆ ಹೋದಳು. ಪಣಕಹಳ್ಳಿಗೆ. ಎಷ್ಟು ದಿನ ಎಂದು ಕೇಳಿದೆ.

“ನೋಡ್ತಿನಿ” ಎಂದಳು.

ಜುಲೈ 24, ಗುರುವಾರ

ಆರ್ಗ್ಯುಮೆಂಟ್ಸ್ ಮುಗಿಯಿತು. ತಂತಿ, ಕಂಬ, ಗಾಳಿ ಎಲ್ಲ ಹೇಳಿದೆ, ಹೇಳಬೇಕಲ್ಲ. ಕೊನೆಗೆ ಜಡ್ಜಮ್ಮನಿಗೆ ಅದೊಂದೇ ಮಾತು. ಅಮ್ಮಾ, ಮನಸ್ಸಿನಲ್ಲಿ ಯಾರ ಮೇಲೆ ದೂರಿಲ್ಲವೋ ಅವರಿಗೆ ಮಾತ್ರ ಮನುಷ್ಯರ ಕೈ ಮುಗಿಯುತ್ತದೆ. ಆಕೆಯ ಬಾಯಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಕೈಗೆ ಹೇಳಿಕೊಡಲು ಆಗಿಲ್ಲ.

ಜೂನಿಯರ್ ಹುಡುಗರು ಬರೆದುಕೊಂಡರು. ಚೆನ್ನಾಗಿಯೇ ಇತ್ತು.

ಮನೆಯಲ್ಲಿ ಪಟ್ಟಿ ನಾನೇ ಒಗೆದೆ. ನೀಲಿ ಜಾಸ್ತಿಯಾಯಿತು.

ಆಗಸ್ಟ್ 14, ಗುರುವಾರ

ಬಿಡುಗಡೆ. ಅನುಮಾನದ ಲಾಭ.

ತೀರ್ಪಿನಲ್ಲಿ ನನ್ನ ವಾಕ್ಯ ಹಾಗೇ ಬಂದಿದೆ, ಒಂದು ಪದ ಬದಲಾಗಿಲ್ಲ. ‘ಮನಸ್ಸಿನಲ್ಲಿ ಯಾರ ಮೇಲೆ ದೂರಿಲ್ಲವೋ ಅವರಿಗೆ ಮಾತ್ರ.’ ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಜಡ್ಜು ನನ್ನ ವಾದ ಒಪ್ಪಿದ್ದು ಬೇಕಾದಷ್ಟಿದೆ. ನನ್ನ ಮಾತನ್ನೇ ತಮ್ಮ ಮಾತು ಮಾಡಿಕೊಂಡದ್ದು ಇದೇ ಮೊದಲು. ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ, ತುಂಬ ಖುಷಿಯಾಯಿತು.

ಕೆಂಚಮ್ಮ ಬಂದಿರಲಿಲ್ಲ. ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಯಾರ ಹೊಲದಲ್ಲಿ ಕೂಲಿ ಎಂದು ಕೇಳಬಾರದು. ಊರಲ್ಲಿ ದಿನಾ ಕೂಲಿ ಕೊಡುವಷ್ಟು ಹೊಲ ಇರುವುದು ಒಬ್ಬನಿಗೇ.

ವರಾಂಡದಲ್ಲಿ ಜಡೆಸ್ವಾಮಿ ನನ್ನ ಭುಜ ತಟ್ಟಿದ. ಎರಡು ವರ್ಷ ‘ವಕೀಲ್ರೇ, ವಕೀಲ್ರೇ’ ಎಂದವನು, ಬಾಗಿಲು ದಾಟುತ್ತಲೇ:

“ಪರ್ವಾಗಿಲ್ಲ ಕಣ್ಲಾ ಮಾದ. ಚನ್ನಯ್ಯನ ಮಗ ಅಂತ ತೋರುಸ್ಬುಟ್ಟೆ. ನಿಯತ್ತಿನ ಮನ್ತನ.”

ಸುತ್ತ ಜೂನಿಯರ್‌ಗಳಿದ್ದರು. ನಕ್ಕೆ. ಕೈಯಲ್ಲಿ ಫೈಲಿತ್ತು. ಸದ್ಯ.

ಆಗಸ್ಟ್ 16

ಸ್ಮರಣ ಸಂಚಿಕೆ ಬಂತು. ಫೋಟೋ ಚೆನ್ನಾಗಿದೆ. ತೋರಿಸಲು ಮನೆಯಲ್ಲಿ ಯಾರೂ ಇಲ್ಲ. ಸುಧಾಮಣಿಗೆ ಫೋನ್ ಮಾಡಿದೆ. ಕೆಂಚವ್ವನ ಜೊತೆ ಕಳೆ ಕೀಳುತ್ತಿದ್ದಾಳಂತೆ. ಸೀನಿಯರ್ ವಕೀಲನ ಹೆಂಡತಿ, ಜಡೆಸ್ವಾಮಿಯ ಹೊಲದಲ್ಲಿ. ನಾಚಿಕೆ ಆಗಲ್ವಾ ಎಂದೆ.

“ಆಯ್ತದೆ. ಅದ್ಕೇ ಬಂದಿರದು” ಎಂದಳು.

ಆಗಸ್ಟ್ 24, ಭಾನುವಾರ

ಅವಳನ್ನು ಕರೆದುಕೊಂಡು ಬರಲೆಂದು ಹೋದೆ. ಕಾರು ಗ್ಯಾರೇಜಿನಲ್ಲಿದೆ, ಬಸ್ಸಿನಲ್ಲೇ ಘಟ್ಟ ಹತ್ತಿದೆ. ತಾಳವಾಡಿಯಲ್ಲಿ ಇಳಿದು ಪಣಕಹಳ್ಳಿ ಬಸ್ಸಿಗೆ ಕಾಯಬೇಕು. ಸಂತೆಗೆ ಬಂದವರು ನಿಲ್ದಾಣದ ತುಂಬ. ಕಲ್ಲುಬೆಂಚಿನ ತುದಿಯಲ್ಲಿ ಕೆಂಚಮ್ಮ ಕೂತಿದ್ದಳು, ಮಡಿಲಲ್ಲಿ ಸಾಮಾನಿನ ಚೀಲ.

ತಯಾರಾಗಿದ್ದೆ. ಬಯ್ಯಲಿ. ಮಣ್ಣು ತೂರಲಿ. ಬಯ್ಗುಳ ನನಗೆ ಹೊಸದಲ್ಲ, ಅದಕ್ಕೆಲ್ಲ ಉತ್ತರ ಇದೆ. ಆರೋಪಿಗೂ ಒಬ್ಬ ನ್ಯಾಯವಾದಿ ಬೇಡವೇ, ನಾನಲ್ಲದಿದ್ದರೆ ಇನ್ನೊಬ್ಬ, ಕೇಸು ಬೇರೆ ಮನುಷ್ಯ ಬೇರೆ. ಎಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ.

ನೋಡಿದಳು. ಎದ್ದಳು. ಕಷ್ಟಪಟ್ಟು ಎದ್ದಳು, ಮಂಡಿ ಹಿಡಿದಿದೆ. ಚೀಲ ನೆಲಕ್ಕಿಟ್ಟಳು. ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಹಣೆಗೆ.

“ಕುಂತ್ಕಳಿ ಬುದ್ದಿ.”

ಜನ ನೋಡುತ್ತಿದ್ದರು. “ಚಿಕ್ಕವ್ವ” ಎಂದೆ. “ನಾನು ಕಣವ್ವ. ಮಾದ.”

“ಗೊತ್ತು ಬುದ್ದಿ.”

ಅಣಕ ಇರಲಿಲ್ಲ. ಹುಡುಕಿದೆ. ಮುಖ ಓದುವುದೇ ನನ್ನ ಕೆಲಸ. ಸಿಟ್ಟೂ ಇರಲಿಲ್ಲ. ಜಡೆಸ್ವಾಮಿ ಹಾದು ಹೋದಾಗ ಹೇಗಿತ್ತೋ ಹಾಗೇ ಇತ್ತು. ಈ ಸಲ ಕೈ ತಾನೇ ಎದ್ದಿತೋ, ಅವಳು ಎತ್ತಿದಳೋ. ಕೇಳಲಾಗಲಿಲ್ಲ.

ಪಣಕಹಳ್ಳಿ ಬಸ್ಸು ಬಂತು. ಅವಳು ಹತ್ತಿದಳು. ನಾನು ಹತ್ತಲಿಲ್ಲ. ವಾಪಸ್ಸು ಬಂದು ಇದನ್ನು ಬರೆಯುತ್ತಿದ್ದೇನೆ. ಸುಧಾಮಣಿಗೆ ಏನು ಹೇಳುವುದೋ ತಿಳಿಯದು.

ಕಾನೂನಿನಲ್ಲಿ ನೋಡಿದರೆ ವಿಷಯ ಮುಗಿದಿದೆ. ನನ್ನದೇ ವಾದ, ಕೋರ್ಟು ಒಪ್ಪಿದ ವಾದ. ಯಾರ ಮೇಲೆ ದೂರಿಲ್ಲವೋ ಅವರಿಗೆ ಮಾತ್ರ ಕೈ ಮುಗಿಯುತ್ತದೆ. ಅವಳು ನನಗೆ ಮುಗಿದಳು. ಆದ್ದರಿಂದ ಅವಳಿಗೆ ನನ್ನ ಮೇಲೆ ದೂರಿಲ್ಲ. ನಾನೂ ಬಿಡುಗಡೆ.

ಆದರೆ ಅವಳು ಹಾಗೆ ನಿಂತಿದ್ದಷ್ಟು ಹೊತ್ತು… ಇವತ್ತು ನನ್ನ ಹತ್ತಿರ ಫೈಲಿರಲಿಲ್ಲ. ಎರಡೂ ಕೈ ಖಾಲಿ. ಅವು ತಾವೇ ಎದ್ದವು.